ಕನಜಾವಾಗೆ ಹೋಗಿ ಬಂದ ಡಬ್ಬಿ

ಡಬ್ಲಿನ್ನಿನ ಅಂಚಿನ ಆಡಮ್ಸ್‌ಟೌನಿನ ಸುತ್ತಲ ನಾಲ್ಕು ಬೀದಿಗಳಲ್ಲಿ ವಸುಂಧರಾಳ ಸ್ಟೀಲ್ ಡಬ್ಬಿ ಇಲ್ಲದ ಅಡುಗೆಮನೆ ಸಿಗುವುದು ಕಷ್ಟ. ಯಾರ ಮನೆಯಲ್ಲಿ ಮಗು ಹುಟ್ಟಲಿ, ಯಾರಿಗೆ ಜ್ವರ ಬರಲಿ, ಯಾರ ಅತ್ತೆ ಮೈಸೂರಿನಿಂದ ಬಂದಿಳಿಯಲಿ, ಸಂಜೆಯೊಳಗೆ ಒಂದು ಡಬ್ಬಿ ಆ ಮನೆಯ ಬಾಗಿಲಿಗೆ ಹೋಗುತ್ತದೆ. ಒಳಗೆ ಬಿಸಿಬೇಳೆಬಾತೋ, ಮೆಂತ್ಯದ ದೋಸೆಯೋ, ಏನೂ ಇಲ್ಲದಿದ್ದರೆ ಒಂದು ಹಿಡಿ ಚಟ್ನಿಪುಡಿಯೋ ಇರುತ್ತದೆ. ಕೊಡುವ ಕೈ ದೊಡ್ಡದು ಅನ್ನಿಸಿಕೊಳ್ಳುವುದರಲ್ಲಿ ಅವಳಿಗೆ ಒಂದಿಷ್ಟು ಜಂಬವೂ ಇತ್ತು. ಇದ್ದದ್ದನ್ನು ಇದ್ದ ಹಾಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಆ ಜಂಬವೂ ಒಂದು ಕಾರಣ.

ಮೈಸೂರಿನಲ್ಲಿ ಅವಳು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದವಳು. ಗಂಡ ಸತ್ಯಪ್ರಕಾಶನಿಗೆ ಡಬ್ಲಿನ್ನಿನ ಸ್ಯಾಂಟ್ರಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಸಿಕ್ಕಿ, ವರ್ಕ್ ಪರ್ಮಿಟ್ ಕೈಗೆ ಬಂದಾಗ, ಇಪ್ಪತ್ತಾರನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದಳು. ಮೊದಲ ಎರಡು ವರ್ಷ ಕಿಟಕಿಯಲ್ಲಿ ಕೂತು ಮಳೆ ನೋಡಿದ್ದೇ ಆಯಿತು. ಮೂರನೆಯ ವರ್ಷ ಸಿಂಧು ಹುಟ್ಟಿದಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಮಗಳು ಶಾಲೆಗೆ ಸೇರಿದ ಮೇಲೆ ಇವಳೂ ಒಂದು ಕೋರ್ಸ್ ಮುಗಿಸಿ ಹತ್ತಿರದ ಪ್ರೈಮರಿ ಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದಳು. ಒಂದು ಕಡೆ ಕೂರಲಾಗದ, ಮಾತು ಬಾರದ, ಗದ್ದಲವಾದರೆ ಕಿವಿ ಮುಚ್ಚಿಕೊಂಡು ಅಳುವ ಮಕ್ಕಳ ಪಕ್ಕದಲ್ಲಿ ಇಡೀ ದಿನ ಕೂತಿರುವ ಕೆಲಸ ಅದು. ಅವರ ಶೂ ಲೇಸು ಕಟ್ಟುವುದು, ಪೆನ್ಸಿಲ್ ಹಿಡಿಸುವುದು, ಬೇಕಾದಾಗ ಸುಮ್ಮನೆ ಕೈ ಹಿಡಿದುಕೊಂಡಿರುವುದು. ಎಷ್ಟು ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಅನ್ನುವುದು ಆ ಮಕ್ಕಳ ವಿಷಯದಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದೊಡ್ಡವರ ವಿಷಯದಲ್ಲಿ ಮಾತ್ರ ಆ ಬುದ್ಧಿ ಸ್ಕೂಲಿನ ಗೇಟಿನಲ್ಲೇ ಉಳಿದುಬಿಡುತ್ತಿತ್ತು.

ಡಬ್ಬಿಯ ವಿಷಯದಲ್ಲಿ ಅವಳದು ಒಂದೇ ಶಾಸ್ತ್ರ. ತುಂಬಿ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಇದು ಅವಳ ಅಮ್ಮ ಸಾವಿತ್ರಮ್ಮ ಕಲಿಸಿದ ಪಾಠ. ಆಡಮ್ಸ್‌ಟೌನಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಬ್ರೀಡಾಳಿಗೆ ಒಂದು ಡಬ್ಬಿ ಚಿತ್ರಾನ್ನ ಕೊಟ್ಟಿದ್ದಳು. ಮಾರನೆಯ ದಿನ ಬ್ರೀಡಾ ಡಬ್ಬಿಯನ್ನು ಫಳಫಳ ತೊಳೆದು, ಒರೆಸಿ, ನಗುನಗುತ್ತಾ ಖಾಲಿ ತಂದುಕೊಟ್ಟಳು. ವಸುಂಧರಾ ಒಂದು ವಾರ ಮುಖ ಊದಿಸಿಕೊಂಡಿದ್ದಳು. "ನಮ್ಮ ಅನ್ನ ಹಿಡಿಸ್ಲಿಲ್ವೋ, ನಾವೇ ಹಿಡಿಸ್ಲಿಲ್ವೋ" ಎಂದು ಗಂಡನ ತಲೆ ತಿಂದಳು. ಕೊನೆಗೆ ಐದು ವರ್ಷದ ಸಿಂಧು ಬೇಲಿಯ ಹತ್ತಿರ ನಿಂತು, ನೀನು ಏನೂ ಕೊಡಲಿಲ್ಲ ಅಂತ ಅಮ್ಮನಿಗೆ ಕೋಪ ಬಂದಿದೆ ಎಂದು ಬ್ರೀಡಾಳಿಗೆ ಇಂಗ್ಲಿಷಿನಲ್ಲಿ ನೆಟ್ಟಗೆ ಹೇಳಿಬಿಟ್ಟಳು. ವಸುಂಧರಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬ್ರೀಡಾ ಮಾತ್ರ ಬಿದ್ದು ಬಿದ್ದು ನಕ್ಕು, ಮಾರನೆಯ ದಿನವೇ ಬಿಸಿ ಸೋಡಾ ಬ್ರೆಡ್ ಮಾಡಿ ತಂದಳು. ಅಂದಿನಿಂದ ಇಂದಿನವರೆಗೆ ಆ ಎರಡು ಮನೆಗಳ ನಡುವೆ ಡಬ್ಬಿ ಖಾಲಿ ಓಡಾಡಿದ್ದಿಲ್ಲ.

ಬೇಲಿಯ ಹತ್ತಿರ ನಿಂತು ಮಾನ ಕಳೆದ ಹುಡುಗಿ ಬೆಳೆದು ಡಬ್ಲಿನ್ನಿನ ಯೂನಿವರ್ಸಿಟಿಗೆ ಸೇರಿ ಜಪಾನಿ ಭಾಷೆ ಓದಲು ಹೊರಟಳು. ಡಾಕ್ಟರೋ ಎಂಜಿನಿಯರೋ ಆಗಬೇಕಾದ ಹುಡುಗಿ ಯಾಕೆ ಹೀಗೆ ಎಂದು ಕನ್ನಡ ಬಳಗದವರೆಲ್ಲ ಯುಗಾದಿ ಊಟದ ಪಂಕ್ತಿಯಲ್ಲಿ ಕೇಳಿದರು. ವಸುಂಧರಾ ಎಲ್ಲರಿಗೂ ಇನ್ನೊಂದು ಹೋಳಿಗೆ ಬಡಿಸಿ ಬಾಯಿ ಮುಚ್ಚಿಸಿದಳು. ಆ ಕೋರ್ಸಿನಲ್ಲಿ ಮೂರನೆಯ ವರ್ಷ ಜಪಾನಿನಲ್ಲೇ ಓದಬೇಕು. ಸಿಂಧುವಿಗೆ ಕನಜಾವಾ ಎಂಬ ಊರಿನ ಯೂನಿವರ್ಸಿಟಿ ಸಿಕ್ಕಿತು. ಹಾಸ್ಟೆಲ್ ಬೇಡ, ಭಾಷೆ ಬರಬೇಕಾದರೆ ಒಂದು ಮನೆಯಲ್ಲೇ ಇರಬೇಕು ಎಂದು ಅವಳೇ ಹಟ ಹಿಡಿದು ಅರ್ಜಿ ಹಾಕಿದಳು. ಮೊರಿಮೊಟೊ ಕಜುಕೊ ಎಂಬ ಎಪ್ಪತ್ತೆರಡು ವರ್ಷದ ಒಂಟಿ ಹೆಂಗಸು ತಮ್ಮ ಮನೆಯ ಮಹಡಿಯ ಕೋಣೆ ಕೊಡಲು ಒಪ್ಪಿದರು.

ಸೆಪ್ಟೆಂಬರಿನಲ್ಲಿ ಮಗಳು ಹೊರಟಾಗ ವಸುಂಧರಾ ಸೂಟ್‌ಕೇಸಿನಲ್ಲಿ ಒಂದು ಡಬ್ಬಿ ಕೋಡುಬಳೆ ಇಟ್ಟಳು. ಇದ್ದಬದ್ದ ಡಬ್ಬಿಗಳಲ್ಲಿ ಅದು ಅವಳಿಗೆ ಬಹಳ ಇಷ್ಟದ್ದು. ಗುಂಡಗಿನ, ಗಟ್ಟಿ ಮುಚ್ಚಳದ ಹಳೆಯ ಕಾಲದ ಸ್ಟೀಲು. ಮೈಸೂರಿನ ಪಾತ್ರೆ ಅಂಗಡಿಯವನು ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಸಾವಿತ್ರಮ್ಮ’ ಎಂದು ಹೆಸರು ಕೊರೆದುಕೊಟ್ಟಿದ್ದ.

"ಹೋದ ದಿನಾನೇ ಆ ಅಜ್ಜಿ ಕೈಗೆ ಕೊಡು. ಬರೀಗೈಲಿ ಹೊಸಲು ದಾಟ್ಬೇಡ" ಎಂದಳು.

"ಐ ನೋ, ಅಮ್ಮ. ಇಟ್ಸ್ ಗ್ರ್ಯಾಂಡ್" ಎಂದಳು ಮಗಳು. ಸಿಂಧುವಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಂದ ಬರುತ್ತಿದ್ದುದು ಮಾತ್ರ ಡಬ್ಲಿನ್ನಿನ ಇಂಗ್ಲಿಷು, ಅದರಲ್ಲಿ ಗ್ರ್ಯಾಂಡ್ ಅಂದರೆ ಸರಿ ಅಂತಷ್ಟೇ.

ಮನೆ ಬಿಕೋ ಎನ್ನತೊಡಗಿತು. ಸತ್ಯಪ್ರಕಾಶ ಆಫೀಸಿಗೆ ಹೋದ ಮೇಲೆ, ಸ್ಕೂಲಿಗೆ ಹೊರಡುವ ಮುಂಚೆ, ವಸುಂಧರಾ ಮಗಳ ಕೋಣೆಯ ಬಾಗಿಲು ತೆಗೆದು ಒಂದು ಗಳಿಗೆ ನಿಂತು ಮತ್ತೆ ಮುಚ್ಚುತ್ತಿದ್ದಳು. ಭಾನುವಾರ ಬೆಳಗ್ಗೆ ಫೋನ್ ಬರುತ್ತಿತ್ತು. ಅಲ್ಲಿ ಆಗ ಸಂಜೆ. ಒಂದು ಭಾನುವಾರ ಸಿಂಧು ಹೇಳಿದ ಮಾತು ಕೇಳಿ ವಸುಂಧರಾಳಿಗೆ ಕೈಯಲ್ಲಿದ್ದ ಕಾಫಿ ಆರಿದ್ದೂ ತಿಳಿಯಲಿಲ್ಲ.

"ಅಮ್ಮ, ಇಲ್ಲಿ ಇಂಗ್ಲಿಷಲ್ಲಿ ಯೋಚ್ನೆ ಮಾಡಿ ಮಾತಾಡಿದ್ರೆ ಎಲ್ಲಾ ಉಲ್ಟಾ ಆಗತ್ತೆ. ಸೋ ಫಸ್ಟ್ ನಿನ್ ತರ ಕನ್ನಡದಲ್ಲಿ ಹೇಳ್ಕೊತೀನಿ, ಆಮೇಲೆ ಜಪಾನೀಸ್, ವರ್ಡ್ ಆರ್ಡರ್ ಸೇಮ್. ಕ್ಲಾಸಲ್ಲಿ ನಾನೇ ಬೆಸ್ಟ್."

ಇಪ್ಪತ್ತು ವರ್ಷ ಬಡಿದುಕೊಂಡರೂ ಬಾರದ ಕನ್ನಡ ಜಪಾನಿಗೆ ಹೋಗಿ ಬಂತಲ್ಲ ಎಂದು ಅವಳು ಆ ದಿನವೆಲ್ಲ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಅಕ್ಟೋಬರಿನಲ್ಲಿ ಆಡಮ್ಸ್‌ಟೌನಿಗೆ ಒಂದು ಪಾರ್ಸೆಲ್ ಬಂತು. ಹೂವಿನ ಚಿತ್ರದ ಬಟ್ಟೆಯಲ್ಲಿ ಗಂಟು ಕಟ್ಟಿದ್ದ ಅದೇ ಡಬ್ಬಿ. ಮುಚ್ಚಳ ತೆಗೆದರೆ ಅಂಚಿನವರೆಗೆ ಅಕ್ಕಿಯ ಕುರುಕಲು ಬಿಲ್ಲೆಗಳು, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿದ್ದರು. ಜೊತೆಗೊಂದು ಚೀಟಿ. ಸಿಂಧು ಫೋನಿನಲ್ಲಿ ಅದನ್ನು ಓದಿ ಹೇಳಿದಳು: ನಿಮ್ಮ ಅಮ್ಮನ ಹೆಸರಿರುವ ಪಾತ್ರೆಯನ್ನು ಖಾಲಿ ಕಳಿಸಲು ನನಗೆ ಮನಸ್ಸು ಬರಲಿಲ್ಲ.

ವಸುಂಧರಾ ಚೀಟಿಯನ್ನು ಕಣ್ಣಿಗೊತ್ತಿಕೊಂಡಳು. "ರೀ, ನೋಡಿ, ಭೂಮಿ ಮೇಲೆ ಇನ್ನೊಂದು ಕಡೆ ನಮ್ಮಂಥೋರು ಇದಾರೆ" ಎಂದಳು.

"ಇದಾರೆ, ಸರಿ. ಇನ್ನು ಪೋಸ್ಟ್ ಆಫೀಸ್‌ಗೆ ನಮ್ಮನೆಯಿಂದ ಒಂದು ದಾರಿ ಬೀಳತ್ತೆ" ಎಂದ ಸತ್ಯಪ್ರಕಾಶ, ಕುರುಕಲು ಬಾಯಿಗೆ ಹಾಕಿಕೊಳ್ಳುತ್ತಾ.

ಅವನು ಹೇಳಿದ್ದು ಸುಳ್ಳಾಗಲಿಲ್ಲ. ತುಂಬಿ ಬಂದ ಡಬ್ಬಿಯನ್ನು ವಸುಂಧರಾ ಸುಮ್ಮನೆ ಶೆಲ್ಫಿನ ಮೇಲಿಡುವುದುಂಟೇ? ದೀಪಾವಳಿಗೆ ಅದರ ತುಂಬ ಚಕ್ಕುಲಿ, ಕರ್ಜಿಕಾಯಿ ತುಂಬಿದಳು, ಜೊತೆಗೊಂದು ಐರಿಶ್ ಉಣ್ಣೆಯ ಶಾಲು ಇಟ್ಟು ಕಳಿಸಿದಳು. ಕ್ರಿಸ್‌ಮಸ್ ಹೊತ್ತಿಗೆ ಡಬ್ಬಿ ಹಸಿರು ಟೀ ತುಂಬಿಕೊಂಡು ವಾಪಸ್ ಬಂತು, ಜೊತೆಗೆ ಮೆರುಗು ಹಾಕಿದ ಮರದ ಬಟ್ಟಲುಗಳ ಜೋಡಿ. ಸಂಕ್ರಾಂತಿಗೆ ಇವಳು ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಒಂದು ಮೈಸೂರು ರೇಷ್ಮೆಯ ಸ್ಟೋಲು ಕಳಿಸಿದಳು. ಮಾರ್ಚ್ ಮೊದಲ ವಾರ ಬಂದ ಪಾರ್ಸೆಲ್ಲನ್ನು ಪೋಸ್ಟ್‌ಮ್ಯಾನ್ ಎರಡೂ ಕೈಯಲ್ಲಿ ಹಿಡಿದು ತಂದ. ಡಬ್ಬಿಯಲ್ಲಿ ಕೆಂಪು ಕಾಳಿನ ಸಿಹಿ ಮಿಠಾಯಿ, ಅದರ ಕೆಳಗೆ ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ಚಳಿಗಾಲದ ಕೋಟು. ಒಳಗೆ ಹತ್ತಿ ತುಂಬಿ, ಪೂರ್ತಿ ಕೈಯಲ್ಲೇ ಹೊಲಿದದ್ದು. ವಸುಂಧರಾ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಸಂತೋಷವಾಯಿತು. ಅದರ ಹಿಂದೆಯೇ, ಅಯ್ಯೋ ಈ ಸಲ ನಾನು ಸೋತೆ ಎಂದೂ ಅನ್ನಿಸಿತು.

"ಯುಗಾದಿಗೆ ದೊಡ್ಡದಾಗೇ ಏನಾದ್ರೂ ಕಳಿಸ್ಬೇಕು ಕಣ್ರೀ. ಡೊನೆಗಾಲ್ ಉಣ್ಣೆ ಕಂಬಳಿ ನೋಡಿದೀನಿ."

"ಇದೇನು ವಸು, ಉಡುಗೊರೆನೋ ಟೆಸ್ಟ್ ಮ್ಯಾಚೋ?" ಎಂದ ಅವನು.

ಸೇಂಟ್ ಪ್ಯಾಟ್ರಿಕ್ಸ್ ಹಬ್ಬದ ಸೋಮವಾರ ಸ್ಕೂಲಿಗೆ ರಜೆ. ವಸುಂಧರಾ ಬೆಳಗ್ಗೆಯೇ ಬಾಣಲೆ ಇಟ್ಟು ಚಕ್ಕುಲಿ ಒತ್ತಿದಳು, ಕೊಬ್ಬರಿ ಮಿಠಾಯಿ ಕತ್ತರಿಸಿದಳು. ಹನ್ನೊಂದು ಗಂಟೆಗೆ ಡಬ್ಬಿ ಅಂಚಿನವರೆಗೆ ತುಂಬಿ ಮೇಜಿನ ಮೇಲೆ ಕೂತಿತ್ತು, ಪಕ್ಕದಲ್ಲಿ ಹೊಸ ಕಂಬಳಿ. ಆಗ ಫೋನ್ ಬಂತು. ಭಾನುವಾರವಲ್ಲದ ದಿನ ಮಗಳ ಫೋನು. ತೆರೆಯ ಮೇಲೆ ಸಿಂಧುವಿನ ಕಣ್ಣು ಕೆಂಪಾಗಿತ್ತು.

"ಅಮ್ಮ, ನಾನು ಈ ಮನೆ ಬಿಡ್ಬೇಕಂತೆ."

ಹೋಮ್‌ಸ್ಟೇ ನೋಡಿಕೊಳ್ಳುವ ಯೂನಿವರ್ಸಿಟಿಯ ಆಫೀಸಿನಿಂದ ಈಮೇಲ್ ಬಂದಿತ್ತು. ಏಪ್ರಿಲಿನಿಂದ ಹೊಸ ಟರ್ಮ್, ಹಾಸ್ಟೆಲಿನಲ್ಲಿ ಒಂದು ಕೋಣೆ ಖಾಲಿ ಇದೆ, ಅಲ್ಲಿಗೆ ಬದಲಾಯಿಸಿಕೊಂಡರೆ ನಿಮಗೆ ಅನುಕೂಲವಾಗಬಹುದೇನೋ, ತಿಂಗಳ ಕೊನೆಯೊಳಗೆ ತಿಳಿಸಿ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬರೆದಿದ್ದರು. ತಾನೇನು ತಪ್ಪು ಮಾಡಿದೆ ಎಂದು ಸಿಂಧು ಎರಡು ದಿನ ಯೋಚಿಸಿದಳಂತೆ. ಚಪ್ಪಲಿ ಸರಿಯಾದ ಕಡೆ ಬಿಟ್ಟಿರಲಿಲ್ಲವೇ, ಸ್ನಾನದ ತೊಟ್ಟಿಯ ನೀರು ಹಾಳು ಮಾಡಿದೆನೇ, ಜೋರಾಗಿ ನಕ್ಕೆನೇ? ಕೊನೆಗೆ ಆಫೀಸಿಗೇ ಹೋಗಿ ಕೇಳಿದಾಗ ಅಲ್ಲಿಯ ಹೆಂಗಸು ಬಾಗಿಲು ಮುಚ್ಚಿ ಮೆಲ್ಲಗೆ ಹೇಳಿದ್ದರು. ತಪ್ಪು ಸಿಂಧುವಿನದಲ್ಲ. ಅವಳ ಮನೆಯವರು ತೋರಿಸುತ್ತಿರುವ ಗೌರವಕ್ಕೆ ತಕ್ಕ ಹಾಗೆ ನಡೆದುಕೊಳ್ಳುವ ಶಕ್ತಿ ತನಗಿಲ್ಲ ಎಂದು ಮೊರಿಮೊಟೊ ಅವರು ನಾಚಿಕೆಪಟ್ಟುಕೊಂಡಿದ್ದಾರೆ.

"ಪಾರ್ಸೆಲ್ಸ್, ಅಮ್ಮ" ಎಂದಳು ಸಿಂಧು. "ನಿನ್ ಪಾರ್ಸೆಲ್ ಬಂದ ದಿನದಿಂದ ಅಜ್ಜಿ ಏನು ಕಳಿಸ್ಲಿ ಅಂತ ಯೋಚ್ನೆ ಮಾಡ್ತಾನೇ ಇರ್ತಾರೆ. ಆ ಕೋಟ್ಸ್ ಹೊಲ್ದು ಅವ್ರ ಕೈ ಊದ್ಕೊಂಡಿದೆ. ಬ್ಯಾಂಡೇಜ್ ಹಾಕಿದಾರೆ. ಸ್ನೋನಲ್ಲಿ ಬಾಕ್ಸ್ ಎಳ್ಕೊಂಡು ಪೋಸ್ಟ್ ಆಫೀಸ್‌ಗೆ ಹೋದ್ರು. ನಾನು ಕಾಲೇಜಲ್ಲಿದ್ದೆ, ಐ ಡಿಡ್ನ್ಟ್ ನೋ."

ವಸುಂಧರಾ ತೊಟ್ಟಿದ್ದುದು ಆ ಕೋಟನ್ನೇ. ಅದರ ತೋಳಿನ ಸಣ್ಣ ಸಣ್ಣ ಹೊಲಿಗೆಗಳನ್ನು ನೋಡಿದಳು. ತನ್ನ ಬಗ್ಗೆಯೇ ಅಷ್ಟು ಅಸಹ್ಯ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

"ಹಾಗಿದ್ರೆ ನಿಲ್ಲಿಸಿಬಿಡ್ತೀನಿ ಮಗಳೇ. ಇನ್ನೇನೂ ಕಳಿಸಲ್ಲ."

"ನಿಲ್ಲಿಸಿದ್ರೆ ನಿನಗೆ ಕೋಪ ಬಂದಿದೆ ಅನ್ಕೋತಾರೆ. ಕೋಟ್ ಇಷ್ಟ ಆಗ್ಲಿಲ್ಲ ಅನ್ಕೋತಾರೆ. ಕಳಿಸಿದ್ರೆ ಮತ್ತೆ ವಾಪಸ್ ಕಳಿಸ್ತಾರೆ. ಬೇಡ ಅಂತ ಹೇಳಿದ್ರೂ ಕೇಳಲ್ಲ. ಅವ್ರು ನಿನ್ ತರಾನೇ, ಅಮ್ಮ." ಸಿಂಧು ತೋಳಿನಿಂದ ಕಣ್ಣು ಒರೆಸಿಕೊಂಡಳು. "ಐ ಡೋಂಟ್ ವಾಂಟ್ ಟು ಗೋ. ದಿನಾ ರಾತ್ರಿ ಊಟ ಮಾಡ್ತಾ ನನ್ ಜೊತೆ ಮಾತಾಡ್ತಾರೆ. ತಪ್ಪು ಹೇಳಿದ್ರೆ ಕಾಯ್ತಾರೆ, ನಾನೇ ಸರಿ ಮಾಡ್ಕೊಳೋವರೆಗೆ. ಇದು ನನ್ ಮನೆ."

ಇದು ನನ್ನ ಮನೆ. ಮಗಳ ಬಾಯಲ್ಲಿ ಆ ಮಾತು ಅಚ್ಚ ಕನ್ನಡದಲ್ಲಿ ಬಂದಿತ್ತು. ಬೇರೆ ದಿನವಾಗಿದ್ದರೆ ವಸುಂಧರಾ ಖುಷಿಪಡುತ್ತಿದ್ದಳು. ಫೋನ್ ಇಟ್ಟ ಮೇಲೆ ಅವಳು ಮೇಜಿನ ಮೇಲಿನ ಡಬ್ಬಿಯನ್ನು ನೋಡುತ್ತಾ ಕೂತಳು. ಮಗಳನ್ನು ಒಂದು ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಲಿ ಎಂದು ಕೊಟ್ಟದ್ದೆಲ್ಲ ಮಗಳನ್ನೇ ಆ ಮನೆಯಿಂದ ಹೊರಗೆ ಹಾಕುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎಂದು ಗಾದೆ ಮಾಡಿದವರು ಸುಮ್ಮನೆ ಮಾಡಲಿಲ್ಲ. ಇಲ್ಲಿ ಮಾಡಿದವಳು ಒಬ್ಬಳು, ಉಣ್ಣುವವರು ಇನ್ನಿಬ್ಬರು.

ಸತ್ಯಪ್ರಕಾಶ ವಿಷಯ ಕೇಳಿ ಮೊದಲ ಬಾರಿಗೆ ತಮಾಷೆ ಮಾಡಲಿಲ್ಲ. ಟೀ ಮಾಡಿಕೊಟ್ಟ. "ನಿಮ್ಮಮ್ಮಂಗೆ ಒಂದು ಫೋನ್ ಮಾಡು" ಎಂದ.

ಸಾವಿತ್ರಮ್ಮ ಮೈಸೂರಿನ ಕುವೆಂಪುನಗರದಲ್ಲಿ ಮಗ ಸೊಸೆಯ ಜೊತೆ ಇರುವವರು. ಎಪ್ಪತ್ತಮೂರಾದರೂ ನಾಲಿಗೆಗೆ ಮುಪ್ಪು ಬಂದಿರಲಿಲ್ಲ. ಪೂರ್ತಿ ಕೇಳಿಸಿಕೊಂಡು, "ಅತಿಯಾದ್ರೆ ಅಮೃತಾನೂ ವಿಷ ಕಣೇ" ಎಂದರು. "ಒಂದು ಡಬ್ಬಿ ಕೋಡುಬಳೆಗೆ ಒಂದು ಡಬ್ಬಿ ಬಂತಾ, ಅಲ್ಲಿಗೆ ಮುಗೀತು. ಶಾಲು, ರೇಷ್ಮೆ, ಕಂಬ್ಳಿ ಎಲ್ಲಾ ಯಾಕೆ ಬೇಕಿತ್ತು? ನಿನ್ ದೊಡ್ಡಸ್ತಿಕೆ ತೋರ್ಸೋಕೆ ಆ ಹಿರೀ ಜೀವನೇ ಸಿಕ್ತಾ?"

"ತಪ್ಪಾಯ್ತಮ್ಮ. ಈಗ ಏನ್ ಮಾಡ್ಲಿ ಹೇಳು. ಖಾಲಿ ಡಬ್ಬಿ ಕಳಿಸ್ಬಾರ್ದು ಅಂತ ನೀನೇ ಕಲಿಸಿದ್ದು."

ಆ ಕಡೆಯಿಂದ ಸಾವಿತ್ರಮ್ಮ ಹುಸ್ಸೆಂದರು. "ಕಲಿಸ್ದೆ ಕಣೇ. ನೀನು ಕಲಿತ್ಯಾ? ಮದ್ವೆ ಆಗಿ ಸರಸ್ವತಿಪುರಂನಲ್ಲಿ ಮನೆ ಮಾಡಿದಾಗ ದಿನ ಬಿಟ್ಟು ದಿನ ಸಾರು ಪಲ್ಯ ಕಳಿಸ್ತಿದ್ನಲ್ಲ, ಯಾವತ್ತಾದ್ರೂ ಒಂದ್ ಚಮಚ ಸಕ್ಕರೆ ಹಾಕಿ ಕೊಟ್ಟಿದ್ಯಾ? ತೊಳ್ದು ಕೊಟ್ರೇ ನನ್ ಪುಣ್ಯ. ಈ ಡಬ್ಬೀನೂ ನಂದೇ ಅಲ್ವೇನೆ? ನನ್ ಹೆಸ್ರು ಅದರ ಮೇಲಿದೆ, ಇಪ್ಪತ್ತೆರಡು ವರ್ಷ ಆಯ್ತು, ಖಾಲೀನೂ ವಾಪಸ್ ಬಂದಿಲ್ಲ!"

ವಸುಂಧರಾ ಡಬ್ಬಿಯನ್ನು ಹತ್ತಿರಕ್ಕೆಳೆದು ಮುಚ್ಚಳದ ಮೇಲಿನ ಹೆಸರನ್ನು ನೋಡಿದಳು.

"ನಿಂಗೆ ಬೇಜಾರಾಗ್ತಿತ್ತಾ ಅಮ್ಮ?"

"ಯಾತಕ್ಕೆ?"

"ಖಾಲಿ ಕೊಟ್ಟಾಗ."

"ಅಯ್ಯೋ ಹುಚ್ಚಿ. ಮಗಳು ಡಬ್ಬಿ ತುಂಬ್ಸಿ ಕೊಟ್ರೆ ಬೇಜಾರಾಗ್ಬೇಕು. ಇವ್ಳೇನು ನೆಂಟ್ರಾಗ್ಬಿಟ್ಲಾ ಅಂತ."

ಫೋನ್ ಇಟ್ಟವಳೇ ವಸುಂಧರಾ ಅಡುಗೆಮನೆಗೆ ಹೋಗಿ ಡಬ್ಬಿಯಲ್ಲಿದ್ದ ಚಕ್ಕುಲಿ, ಮಿಠಾಯಿಗಳನ್ನೆಲ್ಲ ಒಂದು ಪರಾತಕ್ಕೆ ಸುರಿದಳು. ಅರ್ಧವನ್ನು ಬ್ರೀಡಾಳ ಮನೆಗೆ ಕಳಿಸಿದಳು. ಕಂಬಳಿಯನ್ನು ಮಗಳ ಮಂಚದ ಮೇಲೆ ಹಾಸಿದಳು. ಡಬ್ಬಿಯನ್ನು ಎರಡು ಸಲ ಉಜ್ಜಿ ತೊಳೆದು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು ಒಣಗಿಸಿದಳು. ಆಮೇಲೆ ಕೂತು ಕಾಗದ ಬರೆದಳು. ನಾಲ್ಕು ಸಲ ಹರಿದು, ಐದನೆಯ ಸಲ ಬರೆದದ್ದು ಇಷ್ಟೇ:

‘ಕಜುಕೊ ಅಮ್ಮನವರಿಗೆ ವಸುಂಧರಾಳ ನಮಸ್ಕಾರಗಳು. ನೀವು ಹೊಲಿದ ಕೋಟನ್ನು ತೊಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ, ಬೆಚ್ಚಗಿದೆ. ನಿಮ್ಮ ಕೈಗೆ ನೋವಾಯಿತು ಎಂದು ಕೇಳಿ ನನಗೆ ಬಹಳ ಸಂಕಟವಾಯಿತು. ತಪ್ಪು ನನ್ನದು. ನಮ್ಮಲ್ಲಿ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ, ನಿಮ್ಮಲ್ಲಿಯೂ ಹಾಗೆಯೇ ಎಂದು ತಿಳಿಯಿತು. ಆದರೆ ಅದು ನೆಂಟರ ನಡುವಿನ ಮಾತು. ಮನೆಯವರ ನಡುವೆ ಆ ಲೆಕ್ಕವಿಲ್ಲ. ನಾನು ನನ್ನ ಅಮ್ಮನಿಗೆ ಒಂದು ದಿನವೂ ಡಬ್ಬಿ ತುಂಬಿಸಿ ಕೊಟ್ಟವಳಲ್ಲ. ಇದು ಅವರದೇ ಡಬ್ಬಿ. ಇದನ್ನು ನಿಮಗೆ ಖಾಲಿ ಕಳಿಸುತ್ತಿದ್ದೇನೆ. ನನ್ನ ಮಗಳು ನಿಮ್ಮ ಮನೆಯ ಮಗು. ಇರಗೊಡಿ.’

ಕಾಗದವನ್ನು ಮಡಿಚಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು. ಮತ್ತೆ ತೆಗೆದಳು. ಕಾಗದ ಒಳಗಿದ್ದರೆ ಡಬ್ಬಿ ಖಾಲಿ ಹೇಗಾಗುತ್ತದೆ? ಅದನ್ನು ಹೊರಗೆ ತೆಗೆದು ಡಬ್ಬಿಯ ಹೊರಮೈಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದಳು. ನಲವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಹೊರಗಿನವರಿಗೆ ಖಾಲಿ ಪಾತ್ರೆ ಕಳಿಸುತ್ತಿದ್ದಳು. ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿಬಿಡಲೇ ಎಂದು ಸಕ್ಕರೆಯ ಡಬ್ಬಿಯವರೆಗೆ ಹೋಗಿ, ಬೇಡ ಎಂದು ವಾಪಸ್ ಬಂದಳು.

ಮಾರನೆಯ ದಿನ ಸ್ಕೂಲು ಮುಗಿಸಿ ಹತ್ತಿರದ ಲೂಕನ್ನಿನ ಪೋಸ್ಟ್ ಆಫೀಸಿಗೆ ಹೋದಳು. ಕೌಂಟರಿನ ನೊರೀನ್ ದೀಪಾವಳಿಯಿಂದೀಚೆಗೆ ಪರಿಚಯವಾಗಿಬಿಟ್ಟಿದ್ದಳು. ಎಲ್ಲಕ್ಕಿಂತ ಬೇಗ ತಲುಪುವುದು ಬೇಕು ಎಂದಳು ವಸುಂಧರಾ. ನೊರೀನ್ ಕಸ್ಟಮ್ಸ್ ಫಾರ್ಮಿಗೆ ಪೆನ್ನು ಹಿಡಿದು, ಈ ಸಲ ಒಳಗೇನಿದೆ, ಆ ಸುರುಳಿ ತಿಂಡಿಯೋ ಎಂದು ಕೇಳಿದಳು.

"ಏನೂ ಇಲ್ಲ."

ನೊರೀನ್ ಕನ್ನಡಕದ ಮೇಲಿಂದ ನೋಡಿದಳು. ಏನೂ ಇಲ್ಲವೇ? ಜಪಾನಿಗೆ? ಎಕ್ಸ್‌ಪ್ರೆಸ್ಸಿನಲ್ಲಿ?

"ಖಾಲಿ ಡಬ್ಬಿ ಅಂತಲೇ ಬರೀರಿ" ಎಂದಳು ವಸುಂಧರಾ ಇಂಗ್ಲಿಷಿನಲ್ಲಿ. "ಖಾಲಿ ಅನ್ನೋದು ಸ್ಪಷ್ಟವಾಗಿರಲಿ."

"ಗ್ರ್ಯಾಂಡ್ ಸೋ" ಎಂದು ನೊರೀನ್ ಹಾಗೆಯೇ ಬರೆದು ಠಸ್ಸೆ ಒತ್ತಿದಳು. ಇಂಥ ಎಷ್ಟೋ ವಿಚಿತ್ರಗಳನ್ನು ಆ ಕೌಂಟರು ಕಂಡಿರಬೇಕು.

ಕಳಿಸುವುದು ಸುಲಭ, ಕಾಯುವುದು ಕಷ್ಟ. ಪಾರ್ಸೆಲ್ ಎಲ್ಲಿದೆ ಎಂದು ವಸುಂಧರಾ ದಿನಕ್ಕೆ ಹತ್ತು ಸಲ ಫೋನಿನಲ್ಲಿ ನೋಡಿದಳು. ಆ ಹಿರಿಯರು ಖಾಲಿ ಡಬ್ಬಿಯನ್ನು ನೋಡಿ, ಕೋಟು ಇಷ್ಟವಾಗದೆ ಮುಖಕ್ಕೆ ಹೊಡೆದಂತೆ ಕಳಿಸಿದ್ದಾರೆ ಎಂದುಕೊಂಡರೆ? ಬ್ರೀಡಾಳ ಖಾಲಿ ಡಬ್ಬಿಗೆ ತಾನು ಒಂದು ವಾರ ಉರಿದದ್ದು ನೆನಪಾಗುತ್ತಿತ್ತು. ಸ್ಕೂಲಿನಲ್ಲಿ ಅವಳ ಪಕ್ಕ ಕೂರುವ ಏಳು ವರ್ಷದ ಹುಡುಗಿ ಎರಡು ಸಲ ಅವಳ ಕೈಯನ್ನು ತಾನೇ ಹಿಡಿದುಕೊಂಡಳು.

ಮುಂದಿನ ಮಂಗಳವಾರ ಪಾರ್ಸೆಲ್ ತಲುಪಿತು. ಸಿಂಧು ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಕಜುಕೊ ಕೈಯ ಬ್ಯಾಂಡೇಜಿನಲ್ಲೇ ಪೊಟ್ಟಣ ಬಿಚ್ಚಿದರು. ಮುಚ್ಚಳ ತೆಗೆದು ಒಳಗೆ ನೋಡಿದರು, ಡಬ್ಬಿಯನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದರು. ಕನ್ನಡ ಅಕ್ಷರ ಸಿಂಧುವಿಗೆ ಓದಲು ಬಾರದು, ಅದಕ್ಕೆ ವಸುಂಧರಾ ಮೊದಲೇ ಕಾಗದವನ್ನು ಓದಿ ರೆಕಾರ್ಡ್ ಮಾಡಿ ಕಳಿಸಿದ್ದಳು. ಸಿಂಧು ಒಂದೊಂದು ವಾಕ್ಯ ಕೇಳಿ, ನಿಲ್ಲಿಸಿ, ಜಪಾನಿಯಲ್ಲಿ ಹೇಳಿದಳು. ಕಜುಕೊ ತಲೆ ತಗ್ಗಿಸಿಕೊಂಡು ಕೇಳಿದರು.

"ಏನಂದ್ರು?" ಎಂದಳು ವಸುಂಧರಾ.

"ಡಬ್ಬೀನ ತೀರ್ಹೋದ ಗಂಡನ ಫೋಟೋ ಮುಂದೆ ಇಟ್ಟು, ಹಾಗೇ ಮಲಗೋಕೆ ಹೋದ್ರು."

ಗುರುವಾರ ಬೆಳಗ್ಗೆ ಸಿಂಧು ಕಾಲೇಜಿಗೆ ಹೊರಟು ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದಾಗ ಕಜುಕೊ ಹಿಂದಿನಿಂದ ಬಂದು ಅವಳ ಕೈಗೆ ಡಬ್ಬಿ ಇಟ್ಟರು. ಒಳಗೆ ಅನ್ನದ ಉಂಡೆ, ಹುರಿದ ಸೊಪ್ಪು, ಉಪ್ಪಿನಕಾಯಿ. ಮಧ್ಯಾಹ್ನಕ್ಕೆ ಬುತ್ತಿ. "ಸಂಜೆ ಖಾಲಿ ಮಾಡಿ ತಾ" ಎಂದಷ್ಟೇ ಹೇಳಿದರು. ಮಧ್ಯಾಹ್ನ ಆಫೀಸಿನಿಂದ ಈಮೇಲ್ ಬಂತು, ಹಾಸ್ಟೆಲ್ ಕೋಣೆಯನ್ನು ಬೇರೆಯವರಿಗೆ ಕೊಟ್ಟಿದ್ದೇವೆ ಎಂದು.

ವಸುಂಧರಾ ಅಡುಗೆಮನೆಯಲ್ಲಿ ನಿಂತು ಜೋರಾಗಿ ಅತ್ತಳು. ಸತ್ಯಪ್ರಕಾಶ ಗಾಬರಿಯಾಗಿ ಮೇಲಿನಿಂದ ಓಡಿ ಬಂದ.

ಆಗಸ್ಟಿನವರೆಗೆ ಆಡಮ್ಸ್‌ಟೌನಿನಿಂದ ಕನಜಾವಾಗೆ ಒಂದು ಪಾರ್ಸೆಲ್ಲೂ ಹೋಗಲಿಲ್ಲ. ಅದು ವಸುಂಧರಾಳ ಜೀವನದಲ್ಲೇ ಅತಿ ಕಷ್ಟದ ವ್ರತ. ಬ್ರೀಡಾಳ ಮನೆಯವರಿಗೆ ಮಾತ್ರ ಆ ಬೇಸಿಗೆಯಲ್ಲಿ ಚಕ್ಕುಲಿಯ ಸುಗ್ಗಿ. ಭಾನುವಾರದ ಫೋನಿನಲ್ಲಿ ಈಗ ಕಜುಕೊ ಕೂಡ ಒಂದು ಗಳಿಗೆ ಮುಖ ತೋರಿಸುತ್ತಿದ್ದರು. ಇಬ್ಬರಿಗೂ ಇನ್ನೊಬ್ಬರ ಮಾತು ಬಾರದು. ಕಜುಕೊ ಸರಿಹೋದ ಕೈಯನ್ನು ಎತ್ತಿ ಬೆರಳಾಡಿಸಿ ತೋರಿಸುವರು, ಇವಳು ಕೈ ಮುಗಿಯುವಳು, ಇಬ್ಬರೂ ನಗುವರು.

ಸಿಂಧು ಬಂದಿಳಿದ ದಿನ ವಸುಂಧರಾ ಮಗಳಿಗೆ ಊಟ ಬಡಿಸಿ ಸೂಟ್‌ಕೇಸ್ ಬಿಚ್ಚಲು ಕೂತಳು. ಬಟ್ಟೆಗಳ ಮೇಲೆಯೇ ಆ ಹೂವಿನ ಬಟ್ಟೆಯ ಗಂಟು ಕೈಗೆ ಸಿಕ್ಕಿತು. ಪಾಪ, ಕೊನೆಗೂ ಮನಸ್ಸು ತಡೆಯಲಿಲ್ಲವೇನೋ, ಏನು ಕಳಿಸಿದರೋ, ಇನ್ನು ನಾನೇನು ಕಳಿಸಬೇಕೋ. ಗಂಟನ್ನು ಎತ್ತಿದಳು. ಹಗುರವಾಗಿತ್ತು. ಬಟ್ಟೆ ಬಿಚ್ಚಿ, ‘ಸಾವಿತ್ರಮ್ಮ’ ಎಂದಿದ್ದ ಮುಚ್ಚಳ ತೆಗೆದಳು. ಒಳಗೆ ಏನೂ ಇರಲಿಲ್ಲ. ತೊಳೆದು ಒರೆಸಿದ ಸ್ಟೀಲಿನ ತಳದಲ್ಲಿ ಅವಳದೇ ಮುಖ ಕಂಡಿತು.

"ಸ್ಟೇಷನ್‌ಗೆ ಬಂದಿದ್ರು, ಅಮ್ಮ" ಎಂದಳು ಸಿಂಧು, ಮೊಸರನ್ನ ಕಲಸುತ್ತಾ, ಕನ್ನಡದಲ್ಲೇ. "ಡಬ್ಬಿ ಕೊಟ್ರು. ಟ್ರೇನ್ ಬಂತು. ನಾನು ಹತ್ತೋಕೆ ಹೋದೆ, ಆಗ ಒಂದ್ ನಿಮಿಷ ಅಂತ ವಾಪಸ್ ಕೇಳಿದ್ರು. ಮುಚ್ಚಳ ತೆಗೆದ್ರೆ ಒಳಗೆ ಒಂದೇ ಒಂದು ಮಿಠಾಯಿ. ಯಾವಾಗ ಹಾಕಿದ್ರೋ ಗೊತ್ತಿಲ್ಲ. ಅದನ್ನ ತೆಗೆದು, ಬಾಯಿಗೆ ಹಾಕ್ಕೊಂಡು, ಖಾಲಿ ಡಬ್ಬಿ ನನ್ ಕೈಗಿಟ್ಟು, ಹೋಗು ಅಂದ್ರು."